ಲೋಟದೊಳಗಿನ ಹಸಿವು

“ಇವತ್ತಿನಿಂದ ಈ ನಾಲಿಗೆ ನನ್ನ ಮಾತು ಕೇಳಬೇಕು. ನಾನು ಅದರ ಮಾತು ಕೇಳೋದು ಮುಗೀತು!” ಎಂದು ಹಲ್ಲಣ್ಣ ಘೋಷಿಸಿದ. ಘೋಷಣೆಯೇನೋ ಭರ್ಜರಿಯಾಗಿತ್ತು. ಆದರೆ ಬಾಯಿ ತುಂಬ ಬೆಣ್ಣೆ ಬಿಸ್ಕತ್ತು ಇದ್ದದ್ದರಿಂದ ಅರ್ಧ ಘೋಷಣೆ ಪುಡಿಪುಡಿಯಾಗಿ ಹೆಂಡತಿಯ ಸೆರಗಿನ ಮೇಲೆ ಉದುರಿತು.

ಅವಳು ಸೆರಗು ಕೊಡವಿಕೊಂಡಳು. “ಮೊದಲು ಬಾಯಲ್ಲಿರೋದನ್ನ ನುಂಗಿ. ಆಮೇಲೆ ನಾಲಿಗೆಗೆ ಬುದ್ಧಿ ಹೇಳೀರಂತೆ.”

“ಇದು ಕೊನೇ ಬಿಸ್ಕತ್ತು ಕಣೇ!”

“ಡಬ್ಬಿಯಲ್ಲಿ ಕೊನೇದು. ಅದು ನನಗೂ ಗೊತ್ತು.”

ಹಲ್ಲಣ್ಣ ಅನ್ನುವುದು ಬೀದಿಯವರು ಕೊಟ್ಟ ಹೆಸರು. ಹಲ್ಲು ಕಳೆದುಕೊಂಡವರಿಗೆ ಹಲ್ಲಿನ ಸೆಟ್ಟು ಕಟ್ಟಿಕೊಡುವುದು ಅವನ ಕಸುಬು. ಅವನ ಕೈಯಲ್ಲಿ ಕಟ್ಟಿದ ಹಲ್ಲು ಹಾಕಿಕೊಂಡವರು ಕಬ್ಬಿಣದ ಕಡಲೆ ಕೊಟ್ಟರೂ ಅಗಿದು ‘ಉಪ್ಪು ಕಮ್ಮಿಯಾಗಿದೆ’ ಅನ್ನುತ್ತಿದ್ದರಂತೆ. ಒಬ್ಬ ಮುದುಕ ಹೊಸ ಸೆಟ್ಟಿನ ಉತ್ಸಾಹದಲ್ಲಿ ಬೆತ್ತದ ಕುರ್ಚಿಯ ಕೈಯನ್ನೇ ಕಡಿದು ಹಾಕಿದ್ದ ಎಂಬ ಸುದ್ದಿಯೂ ಇತ್ತು. ಅದನ್ನು ಹಬ್ಬಿಸಿದವನು ಹಲ್ಲಣ್ಣನೇ.

ಮನೆಯ ಮುಂದಿನ ಕೋಣೆಯೇ ಕೆಲಸದ ಕೋಣೆ. ಗೋಡೆಯುದ್ದಕ್ಕೂ ಹಲಗೆಗಳು. ಹಲಗೆಗಳ ತುಂಬ ಗಿರಾಕಿಗಳ ಬಾಯಿಯ ಅಚ್ಚು, ಬಿಳಿ ಗಾರೆಯಲ್ಲಿ ಎರಕ ಹೊಯ್ದ ದವಡೆಗಳು. ಬದುಕಿರುವವರದೂ ಇದ್ದವು, ಹೋದವರದೂ ಇದ್ದವು. ಹಲ್ಲಣ್ಣ ಒಂದನ್ನೂ ಎಸೆದವನಲ್ಲ. ಹಗಲು ಹೊತ್ತು ಅವು ಬರೀ ಗಾರೆ. ಬೆಳಕು ಇಳಿಯತೊಡಗಿದರೆ ಮಾತ್ರ, ಈಗಷ್ಟೇ ಏನೋ ಮಾತಾಡುತ್ತಿದ್ದು ನೀವು ಒಳಗೆ ಬಂದಿರೆಂದು ತಟ್ಟನೆ ಬಾಯಿ ಮುಚ್ಚಿಕೊಂಡವರ ಹಾಗೆ ಕಾಣುತ್ತಿದ್ದವು. ಸಂಜೆ ದೀಪ ಹಚ್ಚುವ ಹೊತ್ತಿನ ಮೇಲೆ ಯಾವ ಗಿರಾಕಿಯೂ ಆ ಕೋಣೆಗೆ ಬಂದದ್ದಿಲ್ಲ.

ಹಲ್ಲಣ್ಣನಿಗೆ ಸ್ವಂತ ಹಲ್ಲು ಒಂದೂ ಇರಲಿಲ್ಲ. ವಸಡಿನ ರೋಗಕ್ಕೆ ಎಲ್ಲವೂ ಹರೆಯ ಮುಗಿಯುವ ಮೊದಲೇ ರಜೆ ಹಾಕಿ ಹೋಗಿದ್ದವು. ತನ್ನ ಸೆಟ್ಟನ್ನು ತಾನೇ ಕಟ್ಟಿಕೊಂಡಿದ್ದ. ಕಟ್ಟುವಾಗ ಮುತ್ತು ಪೋಣಿಸಿದ ಹಾಗೆ ಸಾಲಾಗಿ ಜೋಡಿಸಿ, ಹೆಂಡತಿಗೆ ತೋರಿಸಿ, “ಹೇಗಿದೆ? ರಾಜಕುಮಾರನ ಹಾಗೆ ಇಲ್ವಾ?” ಅಂದಿದ್ದ.

“ಯಾರದೋ ಗಂಡನ ಹಾಗಿದೆ,” ಅಂದಿದ್ದಳು ಅವಳು. “ಎಡಗಡೆ ಕೋರೆಹಲ್ಲು ಮೊದಲಿನ ಹಾಗೇ ಸೊಟ್ಟಗಿರಲಿ. ಇಲ್ದಿದ್ರೆ ನೀವೇ ಅಂತ ನನಗೆ ಗುರುತು ಸಿಗೋದು ಹೇಗೆ?”

ಹೀಗೆ ಹಲ್ಲಣ್ಣ ತನ್ನ ವೃತ್ತಿಜೀವನದಲ್ಲಿ ಬೇಕೆಂದೇ ಸೊಟ್ಟ ಕೂರಿಸಿದ ಹಲ್ಲು ಅದೊಂದೇ. ಅಡುಗೆಮನೆಯ ಸಣ್ಣ ಮೇಜಿಗೆ ಗಂಡ ಹೆಂಡತಿ ಎದುರುಬದುರು ಕೂತು ಸಂಜೆ ಊಟ ಮಾಡುವುದು ಅಂದಿನಿಂದಲ್ಲ, ಅದಕ್ಕೂ ಹಿಂದಿನಿಂದ ಬಂದ ಪದ್ಧತಿ. ಅವನು ತಿನ್ನುತ್ತ ಒಗ್ಗರಣೆ ಸೀದಿದೆ, ಖಾರ ಮುಂದಾಗಿದೆ ಎಂದು ವರದಿ ಒಪ್ಪಿಸಬೇಕು. ಅವಳು, “ಹಾಗಾದ್ರೆ ಎದ್ದೇಳಿ” ಅನ್ನಬೇಕು. ಅವನು ಏಳದೆ ಇನ್ನೊಂದು ಸಲ ಹಾಕಿಸಿಕೊಳ್ಳಬೇಕು. ಇದು ನಡೆಯದ ದಿನ ಅವರ ಮನೆಯಲ್ಲಿ ಸೂರ್ಯ ಮುಳುಗುತ್ತಿರಲಿಲ್ಲ.

ಇಂಥ ಮನುಷ್ಯನಿಗೆ ಇಂದ್ರಿಯ ನಿಗ್ರಹದ ಹುಚ್ಚು ಹಿಡಿಸಿದವರು ಡ್ರಿಲ್ ಮೇಷ್ಟ್ರು. ಜೀವಮಾನವಿಡೀ ಶಾಲೆಯ ಮೈದಾನದಲ್ಲಿ ಸೀಟಿ ಊದಿ ಮಕ್ಕಳನ್ನು ಓಡಿಸಿದವರು ಅವರು. ನಿವೃತ್ತಿಯಾದ ಮೇಲೆ ಊದಲು ಸೀಟಿ ಇತ್ತು, ಓಡಲು ಮಕ್ಕಳಿರಲಿಲ್ಲ. ಕೆಲಕಾಲ ಎಲ್ಲೋ ಸಾಧುಗಳ ಜೊತೆಗಿದ್ದು ಜಪ, ಪ್ರಾಣಾಯಾಮ, ಧ್ಯಾನ ಎಲ್ಲ ಕಲಿತು ಬಂದರು. ಕಲಿತದ್ದೇನೋ ಸಾಚಾ. ಕಲಿಸುವ ಶೈಲಿ ಮಾತ್ರ ಹಳೆಯದೇ ಉಳಿಯಿತು. ಶಾಲೆಯ ಹಿಂದಿನ ಷೆಡ್ಡಿನಲ್ಲಿ ಸಂಜೆ ತರಗತಿ. ಎಲ್ಲರೂ ಪದ್ಮಾಸನ ಹಾಕಿ ಕಣ್ಣು ಮುಚ್ಚಿದ ಮೇಲೆ ಪೀಂ ಎಂದು ಸೀಟಿ.

“ಇಂದ್ರಿಯಗಳು ಅಂದರೆ ಯಾರು? ಬೆಂಚಿನ ಮೇಲೆ ಹತ್ತಿ ಕುಣಿಯೋ ಹುಡುಗರು! ಗಲಾಟೆ ಮಾಡಿದೋನನ್ನ ಕಿವಿ ಹಿಡಿದು ಕ್ಲಾಸಿನಿಂದ ಆಚೆ ಹಾಕಿ! ಓಂಕಾರ ಶುರು!”

ಈ ಉಪಮಾನವನ್ನು ಹಲ್ಲಣ್ಣ ಮನೆಗೆ ಹೊತ್ತು ತಂದು ಹೆಂಡತಿಗೆ ಬಡಿಸಿದ. ಅವಳು ಈರುಳ್ಳಿ ಹೆಚ್ಚುತ್ತ ಕೇಳಿದಳು: “ಆಚೆ ಹಾಕಿದ ಹುಡುಗ ಎಲ್ಲಿಗೆ ಹೋಗ್ತಾನೆ?”

“ಎಲ್ಲಿಗೋ ಹೋಗ್ತಾನೆ. ನಮಗೇನು?”

“ಎಲ್ಲಿಗೂ ಹೋಗಲ್ಲ ರೀ. ಕಿಟಕಿ ಹತ್ತಿರ ನಿಂತು ಒಳಗೇ ನೋಡ್ತಿರ್ತಾನೆ.”

ಹಲ್ಲಣ್ಣ ಯಾಕೋ ಕಿಟಕಿಯ ಕಡೆ ತಿರುಗಿದ. ಯಾರೂ ಇರಲಿಲ್ಲ. ಪರದೆ ಮಾತ್ರ ಆಡುತ್ತಿತ್ತು.

ಸಾಧನೆ ಶುರುವಾಯಿತು. ಕಣ್ಣಿನ ನಿಗ್ರಹಕ್ಕಾಗಿ ಪತ್ರಿಕೆಯ ಸಿನಿಮಾ ಪುಟವನ್ನು ಮಡಿಸಿ ಅದರ ಮೇಲೆ ತಾನೇ ಕೂತ. ಕಿವಿಗೆ ಹತ್ತಿ ತುರುಕಿದ. ಹೆಂಡತಿ ಒಗ್ಗರಣೆ ಹಾಕುವಾಗ ಮೂಗಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿಕೊಂಡು ಓಡಾಡಿದ. ಬ್ರಹ್ಮಚರ್ಯದ ಬಗ್ಗೆ ಮೇಷ್ಟ್ರು ಒತ್ತಿ ಹೇಳಿದ್ದರಿಂದ ಚಾಪೆ ಸುತ್ತಿಕೊಂಡು ಕೆಲಸದ ಕೋಣೆಗೆ ವಲಸೆ ಹೋದ. ಹೆಂಡತಿ ಬಾಗಿಲವರೆಗೂ ಬಂದು, “ದಿಂಬು ಬಿಟ್ಟು ಹೋಗ್ತಿದ್ದೀರಿ,” ಎಂದು ಕೊಟ್ಟು ಹೋದಳು. ಅವಳು ಅಳಬಹುದೆಂದು ಅವನು ಎಷ್ಟೋ ಸಮಾಧಾನದ ಮಾತು ಸಿದ್ಧ ಮಾಡಿಟ್ಟುಕೊಂಡಿದ್ದ. ಒಂದೂ ಖರ್ಚಾಗಲಿಲ್ಲ.

ಎಲ್ಲ ಇಂದ್ರಿಯಗಳೂ ತಲೆ ತಗ್ಗಿಸಿದವು, ನಾಲಿಗೆಯೊಂದನ್ನು ಬಿಟ್ಟು. ಅದು ಜಪದ ನಡುವೆ ಕೂಡ ಬಾಯೊಳಗೇ ಸುತ್ತು ಹೊಡೆದು, ಸೆಟ್ಟಿನ ಸಂದಿಯಲ್ಲಿ ಮಧ್ಯಾಹ್ನದ ರುಚಿಯೇನಾದರೂ ಉಳಿದಿದೆಯೇ ಎಂದು ತಪಾಸಣೆ ಮಾಡುತ್ತಿತ್ತು. ಆಗ ಹಲ್ಲಣ್ಣನ ತಲೆಯಲ್ಲಿ ಮಿಂಚು ಹೊಡೆಯಿತು. ಹಲ್ಲು! ನಾಲಿಗೆ ಬರೀ ರಾಜ, ಸೈನ್ಯವೆಲ್ಲ ಹಲ್ಲು! ಸೈನ್ಯವನ್ನೇ ಸೆರೆ ಹಿಡಿದರೆ ರಾಜ ಏನು ಮಾಡಿಯಾನು? ಇಷ್ಟು ಸುಲಭದ ದಾರಿ ಋಷಿಮುನಿಗಳಿಗೆ ಯಾಕೆ ಹೊಳೆಯಲಿಲ್ಲ? ಪಾಪ, ಅವರ ಹಲ್ಲು ಬಾಯಿಗೇ ಅಂಟಿಕೊಂಡಿತ್ತು!

ಹೆಂಡತಿಯನ್ನು ಸಾಕ್ಷಿಗೆ ಕರೆದ. ಅಗಲ ಬಾಯಿಯ ಗಾಜಿನ ಲೋಟದಲ್ಲಿ ನೀರು ತುಂಬಿಸಿದ. ಸೆಟ್ಟು ಕಳಚಿ ಅದರಲ್ಲಿ ಮುಳುಗಿಸಿದ. ಅಂಗೈಯಲ್ಲಿ ನೀರು ಹಿಡಿದು ಸಂಕಲ್ಪ ಮಾಡಿದ: “ನನ್ನ ಹಸಿವು, ನನ್ನ ರುಚಿ, ನನ್ನ ಆಸೆ, ನನ್ನ ಚಪಲ, ಸಮಸ್ತವೂ ಇವತ್ತಿನಿಂದ ಈ ಲೋಟದೊಳಗೇ ಇರಲಿ. ಈ ದೇಹದಲ್ಲಿ ಏನೂ ಉಳಿಯದಿರಲಿ.”

ಹಲ್ಲಿಲ್ಲದ ಬಾಯಿಯ ಮಾತನ್ನು ಕೇಳಿಸಿದ ಹಾಗೇ ಬರೆದರೆ ಓದುವವರ ಮೇಲೆ ಎಂಜಲು ಸಿಡಿಯುತ್ತದೆ. ಆದ್ದರಿಂದ ಇಲ್ಲಿಂದ ಮುಂದೆ ಅವನ ಮಾತಿಗೆ ಹಲ್ಲು ಹಾಕಿಯೇ ಬರೆದಿದೆ.

“ಸಮಸ್ತವೂ ಲೋಟದೊಳಗಾ?” ಎಂದು ಹೆಂಡತಿ ಕೇಳಿದಳು.

“ಸಮಸ್ತವೂ.”

“ನೀವು ಊಟಕ್ಕೆ?”

“ಉಪ್ಪಿಲ್ಲದೆ ಬೇಯಿಸಿ ಹಿಸುಕಿದ ತರಕಾರಿ. ದಿನಕ್ಕೆ ಒಂದು ಹೊತ್ತು. ನಾನೇ ಬೇಯಿಸಿಕೊಳ್ತೀನಿ. ತರಗತಿಯ ಕೊನೇ ದಿನ ಮೇಷ್ಟ್ರು ದೀಕ್ಷೆ ಕೊಡ್ತಾರೆ. ದೀಕ್ಷೆ ಆದ ಮೇಲೆ ಜೀವ ಇರೋವರೆಗೂ ಒಬ್ಬನೇ ಕೂತು, ಮಾತಿಲ್ಲದೆ, ನನ್ನದೇ ಪಾತ್ರೆಯಲ್ಲಿ ಉಣ್ಣಬೇಕು. ಅದು ನಿಯಮ.”

ಅವಳ ಮುಖ ಸಣ್ಣಗಾಯಿತು. “ನಾನು ಯಾರ ಮುಖ ನೋಡ್ಕೊಂಡು ಊಟ ಮಾಡ್ಲಿ ರೀ?”

“ಗೋಡೆ ನೋಡು. ಅದೂ ಒಂಥರಾ ಧ್ಯಾನವೇ.”

ಅವಳು ಗೋಡೆ ನೋಡಲಿಲ್ಲ. ಅವನನ್ನು ನೋಡಿದಳು. ಒಳಕ್ಕೆ ಕುಸಿದ ಕೆನ್ನೆ, ಮೂಗಿನ ಹತ್ತಿರಕ್ಕೆ ಬಂದ ಗದ್ದ. ಆಮೇಲೆ ಲೋಟ ನೋಡಿದಳು. ನೀರೊಳಗೆ ಸೆಟ್ಟು ಸೊಟ್ಟ ಕೋರೆಹಲ್ಲು ಬಿಟ್ಟುಕೊಂಡು ನಗುತ್ತಿತ್ತು. ಮತ್ತೆ ಅವನನ್ನು ನೋಡಿದಳು. ಮತ್ತೆ ಲೋಟ ನೋಡಿದಳು. ಎರಡು ಸೀರೆಗಳಲ್ಲಿ ಯಾವುದನ್ನು ಇಟ್ಟುಕೊಳ್ಳಲಿ ಅಂತ ಅಂಗಡಿಯಲ್ಲಿ ನಿಂತವಳ ಹಾಗೆ.

“ಸರಿ,” ಅಂದಳು.

ಆ ‘ಸರಿ’ ಹಲ್ಲಣ್ಣನ ಬೆನ್ನಿಗೆ ತಣ್ಣಗೆ ತಾಗಿತು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಒಂದೇ ಮಾತಿಗೆ ಒಪ್ಪಿದ್ದು ಇದೇ ಮೊದಲು.

ಮಾರನೆಯ ದಿನ ಅವಳು ಹಾಡು ಗುನುಗುತ್ತಿದ್ದಳು.

ಅದರ ಮಾರನೆಯ ಬೆಳಿಗ್ಗೆ ಹಣ್ಣಿನ ಬುಟ್ಟಿಯಲ್ಲಿ ಒಂದು ಸೇಬಿಗೆ ಗಾಯವಾಗಿತ್ತು. ಒಂದೇ ಒಂದು ಕಚ್ಚು. ಹಲ್ಲಣ್ಣ ಅದನ್ನು ಎತ್ತಿ ಬೆಳಕಿಗೆ ಹಿಡಿದ. ಅಕ್ಕಸಾಲಿಗನಿಗೆ ತಾನು ಮಾಡಿದ ಬಳೆ ಹೇಗೋ ಹಲ್ಲಿನವನಿಗೆ ತಾನು ಕಟ್ಟಿದ ಹಲ್ಲಿನ ಗುರುತು ಹಾಗೆ. ಮುಂದಿನ ಹಲ್ಲುಗಳ ಕಮಾನು, ಅದರ ಪಕ್ಕಕ್ಕೆ ಸಣ್ಣದೊಂದು ತೋಡು, ಆ ತೋಡು ಓರೆ. ಎಡಗಡೆಯ ಕೋರೆಹಲ್ಲು!

ಅವನ ಕೈಯಿಂದ ಸೇಬು ಉರುಳಿತು. ಕೆಲಸದ ಕೋಣೆಗೆ ಓಡಿದ. ಲೋಟ ಇದ್ದಲ್ಲೇ ಇತ್ತು, ಮೇಲೆ ಮುಚ್ಚಳವಿತ್ತು. ಸೆಟ್ಟು ನೀರೊಳಗೆ ನಗುತ್ತಿತ್ತು. ಹಲ್ಲಿನ ಸಂದಿಯಲ್ಲಿ ಕೆಂಪಗೆ ಒಂದು ಚೂರು ಸೇಬಿನ ಸಿಪ್ಪೆ.

“ಲೇ! ಸೇಬು ತಿಂದಿದ್ದು ನೀನೇನೇ?”

“ನನ್ನ ಹಲ್ಲೇನು ಸೊಟ್ಟಗಿದೆಯಾ?” ಎಂದು ಅವಳು ಬಾಯಿ ತೆರೆದು ತೋರಿಸಿದಳು. ಇರಲಿಲ್ಲ. ಸಾಲಾಗಿ, ಅಚ್ಚುಕಟ್ಟಾಗಿದ್ದವು. ಅವಳು ಹಾಡು ಮುಂದುವರಿಸಿದಳು.

ಮುಂದೆ ಬೆಣ್ಣೆ ಮುದ್ದೆಯ ಮೇಲೆ ಅದೇ ಕಚ್ಚು ಬಂತು. ಆಮೇಲೆ ಸೌತೆಕಾಯಿಯ ಮೇಲೆ. ಆಮೇಲೆ, ನಂಬಿದರೆ ನಂಬಿ, ಸ್ನಾನದ ಸೋಪಿನ ಮೇಲೆ! ಗುಲಾಬಿ ಪರಿಮಳದ ಹೊಸ ಸೋಪು; ತುದಿ ಮಾತ್ರ ಕಚ್ಚಿ ಬಿಟ್ಟಿತ್ತು, ರುಚಿಯಿಲ್ಲವೆಂದು. ಹಲ್ಲಣ್ಣ ಕೋಣೆಗೆ ಬೀಗ ಜಡಿದ, ಬೀಗದಕೈಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು ತರಗತಿಗೆ ಹೋದ. ವಾಪಸು ಬಂದು ನೋಡಿದರೆ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಒಳಗೆ ಲೋಟದ ನೀರಿನ ಮೇಲೆ ಎಣ್ಣೆಯ ಸಣ್ಣ ಸಣ್ಣ ಕಣ್ಣುಗಳು ತೇಲುತ್ತ ಅವನನ್ನೇ ನೋಡುತ್ತಿದ್ದವು. ಮೂಗು ಹತ್ತಿರ ತಂದ. ಹುರಿದ ಈರುಳ್ಳಿ.

ಆಮೇಲೆ ಹಲ್ಲಣ್ಣ ಕೋಣೆಯಲ್ಲಿ ಮಲಗಿದ್ದು ಹೆಸರಿಗೆ. ಗೋಡೆಯ ಕಡೆ ಮುಖ ಮಾಡಿಸಿ ಇಟ್ಟ ಸೆಟ್ಟು ಬೆಳಕು ಹರಿದಾಗ ಅವನ ಚಾಪೆಯ ಕಡೆ ತಿರುಗಿರುತ್ತಿತ್ತು. ಮುಖ ತಿರುಗಿಸಿ ಇಟ್ಟದ್ದು ಯಾವಾಗ, ತರಗತಿಗೆ ಹೋಗುವ ಮೊದಲೋ, ಬಂದ ಮೇಲೋ, ಅವನಿಗೇ ನೆನಪಾಗುತ್ತಿರಲಿಲ್ಲ. ಪದ್ಮಾಸನದಲ್ಲಿ ಕೂತು ಓಂಕಾರ ಹೇಳಿದರೆ ಹಲಗೆಯ ಮೇಲಿನ ಗಾರೆ ಬಾಯಿಗಳೆಲ್ಲ ‘ಅಂ... ಅಂ...’ ಎಂದು ಎಳೆದ ಹಾಗೆ ಕೇಳುತ್ತಿತ್ತು. ಜಪ ನಿಲ್ಲಿಸಿದರೂ ಅವು ತುಸು ತಡವಾಗಿ ನಿಲ್ಲುತ್ತಿದ್ದವು.

ಒಂದು ಸಂಜೆ ತರಗತಿ ಮುಗಿಸಿ ಬಂದಾಗ ಅಡುಗೆಮನೆಯಲ್ಲಿ ನಗು ಕೇಳಿಸಿತು. ಹೆಂಡತಿಯದು. ಮದುವೆಯಾದ ಹೊಸದರಲ್ಲಿ ನಗುತ್ತಿದ್ದಳಲ್ಲ, ಅಂಥ ನಗು. ಅವನು ಒಳಗೆ ಹೋಗುವ ಹೊತ್ತಿಗೆ ಅವಳು ಪಾತ್ರೆ ತೊಳೆಯುತ್ತಿದ್ದಳು. ತೊಳೆದ ತಟ್ಟೆ ಎರಡು ಗೋಡೆಗೆ ಒರಗಿ ನೀರಿಳಿಸುತ್ತಿದ್ದವು.

“ಯಾರು ಬಂದಿದ್ರು?”

“ಯಾರೂ ಬಂದಿಲ್ಲವಲ್ಲ.”

“ತಟ್ಟೆ ಎರಡಿದೆ!”

“ಒಂದು ನನ್ನದು. ಇನ್ನೊಂದು ಮನೆಯವರದು,” ಎಂದು ಅವಳು ಕೈ ಒರೆಸಿಕೊಂಡು ಹೋದಳು.

ಮನೆಯವರು! ಹಲ್ಲಣ್ಣ ತನ್ನ ಮೈ ಮುಟ್ಟಿ ನೋಡಿಕೊಂಡ. ಮನೆಯವರು ಅಂದರೆ ತಾನೇ ಅಲ್ಲವೇ? ತಾನು ಊಟ ಮಾಡಿಲ್ಲ. ಹಾಗಾದರೆ ಮಾಡಿದ್ದು ಯಾರು?

ಡ್ರಿಲ್ ಮೇಷ್ಟ್ರ ಮುಂದೆ ಎಲ್ಲವನ್ನೂ ಹೇಳಿಕೊಂಡ. ಮೇಷ್ಟ್ರು ಕಣ್ಣರಳಿಸಿದರು. ಸೀಟಿಯನ್ನು ಬಾಯಿಂದ ತೆಗೆದರು. “ಏನಯ್ಯಾ ಹೇಳ್ತಿದ್ದೀಯ! ನಾವೆಲ್ಲ ಆಸೆಯನ್ನ ಆಚೆ ಹಾಕ್ತೀವಿ, ಅದು ಮತ್ತೆ ಒಳಗೆ ನುಗ್ಗುತ್ತೆ. ನಿನ್ನದು ಆಚೆ ಹೋಗಿ ಬೇರೆ ಸಂಸಾರವೇ ಹೂಡಿದೆ! ಇದು ಸಿದ್ಧಿ ಕಣಯ್ಯಾ, ಸಿದ್ಧಿ!”

“ಆದರೆ ಮೇಷ್ಟ್ರೇ, ನನಗೆ ಭಯ ಆಗ್ತಿದೆ.”

“ಭಯವನ್ನೂ ಲೋಟಕ್ಕೆ ಹಾಕು!”

ಸಿದ್ಧಿಯ ಸುದ್ದಿ ತರಗತಿಯಲ್ಲಿ ಹಬ್ಬಿತು. ಬೇಕರಿ ನಡೆಸುತ್ತಿದ್ದ ಸಹಪಾಠಿಯೊಬ್ಬ ದೊಡ್ಡದೊಂದು ಕೇಕು ತಂದು ಲೋಟದ ಮುಂದಿಟ್ಟು ಕೈ ಮುಗಿದು ಹೋದ. ಮಾರನೆಯ ದಿನ ಕೇಕಿನ ಮೂಲೆಯಲ್ಲಿ ಓರೆ ಕಚ್ಚು ಮೂಡಿತ್ತು, ಜೊತೆಗೆ ಅರ್ಧ ಕೇಕೇ ಮಾಯ! ಬೇಕರಿಯವನು ಗದ್ಗದಿತನಾಗಿ ಉಳಿದರ್ಧವನ್ನು ಪ್ರಸಾದವೆಂದು ಹಂಚಿದ. ಪ್ರಸಾದ ತಿಂದವರೆಲ್ಲ ಹಲ್ಲಣ್ಣನನ್ನು ಬಿಟ್ಟು ಲೋಟಕ್ಕೆ ನಮಸ್ಕಾರ ಮಾಡಿದರು. ಹಲ್ಲಣ್ಣನಿಗೆ ಒಳಗೆಲ್ಲೋ ಚುರುಕ್ ಎಂದಿತು. ಸಾಧನೆ ಮಾಡಿದವನು ತಾನು, ಪೂಜೆ ಹಲ್ಲಿಗೆ! ಅದಕ್ಕಿಂತ ಹೆಚ್ಚು ಚುರುಕ್ ಎಂದದ್ದು ಇನ್ನೊಂದು. ಹಿಸುಕಿದ ತರಕಾರಿ ನುಂಗಿ ನುಂಗಿ ಅವನು ಕಡ್ಡಿಯಾಗುತ್ತಿದ್ದ. ಲೋಟದೊಳಗಿನ ಸೆಟ್ಟು ಮಾತ್ರ ದಿನದಿಂದ ದಿನಕ್ಕೆ ಮೈ ತುಂಬಿಕೊಂಡಂತೆ ಮಿರಮಿರ ಮಿಂಚುತ್ತಿತ್ತು.

ದೀಕ್ಷೆಯ ಹಿಂದಿನ ದಿನ ಮೇಷ್ಟ್ರು ತಾವೇ ಸಿದ್ಧಿಯನ್ನು ಕಣ್ಣಾರೆ ನೋಡಬೇಕೆಂದರು. ಸಂಜೆ ತರಗತಿಯನ್ನು ಅರ್ಧಕ್ಕೇ ಬಿಟ್ಟು ಗುರುಶಿಷ್ಯರು ಹಲ್ಲಣ್ಣನ ಮನೆಗೆ ಹೊರಟರು. ದಾರಿಯಲ್ಲಿ ದೀಪಗಳು ಇನ್ನೂ ಹತ್ತಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬೆಕ್ಕಿನ ಹಾಗೆ ಒಳಗೆ ಬಂದರು. ಹಲ್ಲಣ್ಣ ಕೊರಳಿಂದ ಬೀಗದಕೈ ತೆಗೆದ. ಅದು ಬೀಗದ ತೂತಿನ ಸುತ್ತ ಪ್ರದಕ್ಷಿಣೆ ಹಾಕಿತು. ಕೊನೆಗೆ ಬಾಗಿಲು ತೆರೆಯಿತು.

ಮಬ್ಬು ಬೆಳಕಿನಲ್ಲಿ ಗಾರೆ ದವಡೆಗಳೆಲ್ಲ ಅವರ ಕಡೆಗೇ ಬಾಯಿ ತೆರೆದಿದ್ದವು. ಮೇಜಿನ ಮೇಲೆ ಲೋಟ. ಲೋಟದಲ್ಲಿ ನೀರು. ನೀರು ಮಾತ್ರ. ಈಗಷ್ಟೇ ಯಾರೋ ಎದ್ದು ಹೋದ ಹಾಗೆ ಅದರ ಮೇಲ್ಮೈ ಇನ್ನೂ ತೆಳ್ಳಗೆ ಅಲುಗುತ್ತಿತ್ತು.

“ಹ... ಹಲ್ಲೆಲ್ಲಯ್ಯಾ?” ಮೇಷ್ಟ್ರ ಸ್ವರ ಸಣ್ಣ ಹುಡುಗನದಾಗಿತ್ತು.

ಆಗಲೇ ಅಡುಗೆಮನೆಯಿಂದ ಸದ್ದು ಕೇಳಿಸಿತು. ಕರುಂ... ಕರುಂ... ಯಾರೋ ನಿಧಾನವಾಗಿ, ರುಚಿ ನೋಡಿ ನೋಡಿ ಅಗಿಯುತ್ತಿದ್ದರು. ಅದರ ಹಿಂದೆಯೇ ಹೆಂಡತಿಯ ದನಿ, ಜೇನು ಸುರಿದ ಹಾಗೆ:

“ಇನ್ನೊಂಚೂರು ಹಾಕ್ಲಾ? ಬೇಡ ಅನ್ನಬೇಡಿ. ಇವತ್ತು ಖಾರ ಮುಂದಾಗಿದೆಯಾ? ನನಗೂ ಹಾಗೇ ಅನ್ನಿಸ್ತು. ಹಾಗಾದ್ರೆ ಎದ್ದೇಳಿ ಅಂದ್ರೆ ಮಾತ್ರ ಏಳಲ್ಲ ನೀವು!” ಮತ್ತೆ ಆ ನಗು.

ಹಲ್ಲಣ್ಣನ ಎದೆಯಲ್ಲಿ ಮೊದಲು ಬೆಂಕಿ ಎದ್ದಿತು, ಆಮೇಲೆ ಹಿಮ ಬಿತ್ತು. ಇಬ್ಬರೂ ಗೋಡೆ ಹಿಡಿದುಕೊಂಡು ಹೋಗಿ ಬಾಗಿಲ ಸಂದಿಯಲ್ಲಿ ಇಣುಕಿದರು.

ಸಣ್ಣ ಮೇಜು. ಒಂದು ಕಡೆ ಹೆಂಡತಿ, ತಲೆಗೆ ಹೂ ಮುಡಿದು, ಒಳ್ಳೆಯ ಸೀರೆ ಉಟ್ಟು. ಎದುರಿನ ಕುರ್ಚಿ ಖಾಲಿ. ಖಾಲಿ ಕುರ್ಚಿಯ ಮುಂದೆ ತಟ್ಟೆ, ತಟ್ಟೆ ತುಂಬ ಊಟ, ಊಟದ ನಡುವೆ ಒಂದು ಬ್ರೆಡ್ಡಿನ ತುಂಡು. ಆ ತುಂಡನ್ನು ಕಚ್ಚಿ ಹಿಡಿದುಕೊಂಡು ಸೆಟ್ಟು ಕೂತಿತ್ತು. ಹೆಂಡತಿಯ ಎರಡು ಕೈಗಳೂ ಅವಳ ಗದ್ದದ ಕೆಳಗಿದ್ದವು. ಕುರ್ಚಿಯ ಕಡೆಗೆ, ಮುಖವಿರಬೇಕಾದ ಎತ್ತರಕ್ಕೆ, ಕಣ್ಣಿಟ್ಟು ಅವಳು ನಗುತ್ತಿದ್ದಳು.

ಮೇಷ್ಟ್ರ ಬಾಯಲ್ಲಿದ್ದ ಸೀಟಿ ತನ್ನಷ್ಟಕ್ಕೆ ಪೀಂ ಎಂದಿತು. ಆಮೇಲೆ ಹಲ್ಲಣ್ಣನಿಗೆ ಕೇಳಿಸಿದ್ದು ಬೀದಿಯಲ್ಲಿ ದೂರವಾಗುತ್ತಿದ್ದ ಬರಿಗಾಲಿನ ಸದ್ದು ಮಾತ್ರ. ಊರಿನ ಮಕ್ಕಳನ್ನೆಲ್ಲ ಓಡಿಸಿದವರು ಅವತ್ತು ಆ ಮಕ್ಕಳ ದಾಖಲೆಗಳನ್ನೆಲ್ಲ ಒಟ್ಟಿಗೆ ಮುರಿದರು. ಪ್ರತಿ ಉಸಿರಿಗೊಮ್ಮೆ ಪೀಂ, ಪೀಂ ಎಂದು ಸೀಟಿ ಕೇಳಿಸುತ್ತ, ಕಡೆಗೆ ಅದೂ ನಿಂತಿತು.

ಹೆಂಡತಿ ಬಾಗಿಲ ಕಡೆ ತಿರುಗಿದಳು. ಬೆಚ್ಚಲಿಲ್ಲ. ಎದ್ದು ನಿಂತು, ಸೆರಗು ಹೊದ್ದು, ಎರಡೂ ಕೈ ಜೋಡಿಸಿದಳು.

“ಓ, ಸ್ವಾಮಿಗಳು! ತರಗತಿ ಬೇಗ ಮುಗೀತಾ?”

“ಸ್ವಾಮಿಗಳಾ? ಏನೇ ಇದು? ಯಾರ ಜೊತೆ ಮಾತಾಡ್ತಿದ್ದೀಯ?”

“ನಮ್ಮ ಮನೆಯವರ ಜೊತೆ.”

“ನಿನ್ನ ಮನೆಯವರು ನಾನು ಕಣೇ!”

“ತಪ್ಪು ತಿಳೀಬೇಡಿ,” ಎಂದಳು ಅವಳು ಬಲು ವಿನಯದಿಂದ. “ನೀವೇ ಅಂಗೈಯಲ್ಲಿ ನೀರು ಹಿಡಿದು ಹೇಳಿದ್ರಲ್ಲ, ಹಸಿವು, ರುಚಿ, ಆಸೆ, ಚಪಲ, ಸಮಸ್ತವೂ ಲೋಟದೊಳಗೆ ಹೋಯ್ತು ಅಂತ? ನಾನು ಮದುವೆ ಆದದ್ದು ಹಸಿವು, ರುಚಿ, ಆಸೆ, ಚಪಲ ಇದ್ದೋರನ್ನ. ಲೋಟದಲ್ಲಿ ಇರೋರು ಇವರು ಅಂದ ಮೇಲೆ ನಮ್ಮ ಯಜಮಾನರೂ ಇವರೇ. ನೀವು ದೊಡ್ಡವರು, ಸಂಯಮಿಗಳು, ನಮ್ಮ ಮುಂದಿನ ಕೋಣೆಯಲ್ಲಿ ಇಳಿದುಕೊಂಡಿದ್ದೀರಿ. ಅದು ನಮ್ಮ ಪುಣ್ಯ.”

“ಹಾಗಾದ್ರೆ ಆ ಸೇಬು... ಆ ಬೆಣ್ಣೆ... ಬೀಗ?”

“ಬೀಗಕ್ಕೆ ಇನ್ನೊಂದು ಬೀಗದಕೈ ಇರುತ್ತೆ ಸ್ವಾಮಿಗಳೇ. ಅದು ಮನೆ ನಡೆಸೋರ ಹತ್ತಿರ ಇರುತ್ತೆ. ದಿನಾ ಸಂಜೆ ಇವರನ್ನ ಕರ್ಕೊಂಡು ಬರ್ತೀನಿ, ಊಟ ಮಾಡ್ತೀವಿ, ಮತ್ತೆ ಮಲಗಿಸಿ ಬರ್ತೀನಿ. ಕಚ್ಚೋದಕ್ಕೆ ಸ್ವಲ್ಪ ಸಹಾಯ ಬೇಕಾಗುತ್ತೆ, ದವಡೆ ಒತ್ತಬೇಕು. ಮೊದಮೊದಲು.”

“ಮೊದಮೊದಲು ಅಂದ್ರೆ?”

ಅವಳು ತಟ್ಟೆಯ ಕಡೆ ನೋಡಿ ಮುಗುಳ್ನಕ್ಕಳು. ತಮಾಷೆಯೋ, ನಿಜವೋ, ಅಥವಾ ಇಷ್ಟು ದಿನ ಒಬ್ಬಳೇ ಊಟ ಮಾಡಿದ್ದಕ್ಕೆ ತಲೆಯಲ್ಲಿ ಎಲ್ಲೋ ಒಂದು ಎಳೆ ಕಿತ್ತು ಹೋಗಿದೆಯೋ, ಹಲ್ಲಣ್ಣನಿಗೆ ಅವಳ ಮುಖ ಓದಲಾಗಲಿಲ್ಲ. ಊರಿಗೆಲ್ಲ ಬಾಯಿ ನೋಡಿ ಮನಸ್ಸು ಹೇಳುತ್ತಿದ್ದವನು ಹೆಂಡತಿಯ ತುಟಿಯ ಮುಂದೆ ಅನಕ್ಷರಸ್ಥನಾಗಿ ನಿಂತ.

“ಲೇ... ಆ ಸೋಪು?”

“ಸೋಪಾ?” ಅವಳ ಹುಬ್ಬು ಮೇಲೆ ಹೋಯಿತು. “ಸೋಪು ನಾನು ಕೊಟ್ಟಿಲ್ಲಪ್ಪ. ಯಾರಾದ್ರೂ ಗಂಡನಿಗೆ ಸೋಪು ಬಡಿಸ್ತಾರಾ?”

ತಟ್ಟೆಯಲ್ಲಿ ಬ್ರೆಡ್ಡಿನ ತುಂಡು ಒಂದು ಚೂರು ವಾಲಿತು. ಬ್ರೆಡ್ಡು ವಾಲುವುದು ಸಹಜ. ಸಾರು ಕುಡಿದ ಬ್ರೆಡ್ಡು ಮೆತ್ತಗಾಗಿ ವಾಲುತ್ತದೆ. ಹಾಗೆಂದು ಹಲ್ಲಣ್ಣ ತನಗೆ ತಾನೇ ಹೇಳಿಕೊಂಡ. ಮತ್ತೊಮ್ಮೆ ಹೇಳಿಕೊಂಡ.

ಆದರೆ ಭಯಕ್ಕಿಂತ ದೊಡ್ಡದೊಂದು ಅವನ ಮೂಗಿನೊಳಗೆ ನುಗ್ಗುತ್ತಿತ್ತು. ಕ್ಲಿಪ್ಪು ಇರಲಿಲ್ಲ. ಹುರಿದ ಈರುಳ್ಳಿ, ಬಿಸಿ ಸಾರು, ಬೆಣ್ಣೆ ಸವರಿ ಕಾಯಿಸಿದ ಬ್ರೆಡ್ಡು. ಅದರ ಹಿಂದೆ ಅವಳ ತಲೆಯ ಹೂವಿನ ವಾಸನೆ. ಹೊಟ್ಟೆಯೊಳಗೆ ಯಾರೋ ಮೇಜು ಕುಟ್ಟಿದಂತಾಯಿತು. ಹಸಿವು ಲೋಟಕ್ಕೆ ಹೋಗಿರಲೇ ಇಲ್ಲ! ಅದು ಇಲ್ಲೇ, ಒಳಗೇ, ಬಾಗಿಲ ಹಿಂದೆ ಅಡಗಿ ಕೂತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ ಅವನು ಆಗ ಅಸೂಯೆಪಟ್ಟದ್ದು. ಪಟ್ಟದ್ದು ಯಾರ ಮೇಲೆ? ತಾನೇ ಮೇಣ ಹಚ್ಚಿ, ಉಜ್ಜಿ, ಹೊಳಪು ಕೊಟ್ಟು ಕಟ್ಟಿದ ಒಂದು ಹಿಡಿ ಹಲ್ಲಿನ ಮೇಲೆ! ಅದು ಅವನ ಹೆಂಡತಿಯ ಮುಂದೆ ಕೂತು, ಅವನ ಸೊಟ್ಟ ನಗು ನಗುತ್ತ, ಅವನಿಗೆ ಸಿಗಬೇಕಾದ ಬೈಗುಳ ತಿನ್ನುತ್ತಿತ್ತು.

“ದೀಕ್ಷೆ ಬೇಡ ಕಣೇ,” ಎಂದ. “ನನಗೆ ಹಸಿವಾಗ್ತಿದೆ.”

“ಸ್ವಾಮಿಗಳಿಗೆ ಹಸಿವಾ?”

“ಸ್ವಾಮಿಗಳಿಗಲ್ಲ. ನನಗೆ. ನಾನೊಬ್ಬನೇ ಕೂತು ಉಣ್ಣಲ್ಲ. ಇಲ್ಲೇ ಉಣ್ತೀನಿ. ನಿನ್ನ ಎದುರಿಗೆ.”

ಹಾಗೆಂದು ಮುಂದೆ ಬಂದು ಖಾಲಿ ಕುರ್ಚಿಯ ಬೆನ್ನಿಗೆ ಕೈ ಹಾಕಿದ.

“ಅಯ್ಯೋ, ಅಲ್ಲಿ ಕೂತ್ಕೋಬೇಡಿ!” ಎಂದು ಅವಳು ಕೂಗಿದಳು. “ಅಲ್ಲಿ ಇವರು ಕೂತಿದ್ದಾರೆ!”

ಹಲ್ಲಣ್ಣ ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆ ಎಳೆದುಕೊಂಡ. ಕುರ್ಚಿಯ ಬೆನ್ನು ಬೆಚ್ಚಗಿತ್ತು. ಒಲೆಯ ಪಕ್ಕದ ಕುರ್ಚಿ, ಬೆಚ್ಚಗಿರಲೇಬೇಕು. ಆದರೂ ಮತ್ತೆ ಮುಟ್ಟುವ ಧೈರ್ಯವಾಗಲಿಲ್ಲ.

“ಹಾಗಾದ್ರೆ... ನಾನು ಎಲ್ಲಿ ಕೂರಲಿ?”

“ಅದನ್ನ ನಾನು ಹೇಗೆ ಹೇಳಲಿ? ಮನೆಯವರನ್ನ ಕೇಳಬೇಕು.” ಅವಳು ತಟ್ಟೆಯ ಕಡೆ ಬಗ್ಗಿದಳು. “ಏನ್ರೀ, ಕೇಳಿಸ್ತಾ? ಸ್ವಾಮಿಗಳಿಗೆ ಹಸಿವಾಗಿದೆಯಂತೆ. ನಮ್ಮ ಜೊತೆ ಕೂರ್ತಾರಂತೆ. ಏನು ಹೇಳ್ತೀರಿ?”

ತಟ್ಟೆಯ ಹತ್ತಿರ ಕಿವಿಯಿಟ್ಟು ಕಾದಳು. ಹಲ್ಲಣ್ಣನೂ ಕಾದ. ಉಸಿರು ಬಿಗಿಹಿಡಿದು, ಎರಡೂ ಕೈ ಕಟ್ಟಿ, ತನ್ನ ಹಲ್ಲಿನ ಮುಂದೆ ತಲೆ ತಗ್ಗಿಸಿ ನಿಂತ. ಮೇಷ್ಟ್ರ ಯಾವ ಸೀಟಿಗೂ ಅವನು ಇಷ್ಟು ಅಲುಗಾಡದೆ ನಿಂತದ್ದಿಲ್ಲ. ಕಣ್ಣು ಆಚೀಚೆ ಹೋಗಲಿಲ್ಲ, ನಾಲಿಗೆ ಮಿಸುಕಲಿಲ್ಲ, ಮನಸ್ಸು ಒಂದೇ ಬಿಂದುವಿನಲ್ಲಿ ನೆಟ್ಟಿತ್ತು.

ಅವಳು ಹ್ಞೂಂ, ಹ್ಞೂಂ ಎಂದು ತಲೆಯಾಡಿಸಿದಳು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ತುಸು ನಕ್ಕಳು. ನೇರವಾದಳು.

“ಇವರು ಹೇಳ್ತಾರೆ, ‘ಪಾಪ, ಹಾಕು. ಆ ಮೂಲೆಯ ಸ್ಟೂಲಿನ ಮೇಲೆ ಕೂತ್ಕೊಳ್ಲಿ. ಆದರೆ ಹಲ್ಲಿಲ್ಲದವರು ನೋಡು, ಬ್ರೆಡ್ಡನ್ನ ಹಾಲಲ್ಲಿ ನೆನೆಸಿ ಕೊಡು’ ಅಂತ.”

ಹಲ್ಲಣ್ಣ ಮೂಲೆಯ ಸ್ಟೂಲನ್ನು ಮೇಜಿಗೆ ಎಳೆದುಕೊಂಡು ಕೂತ. ಬಟ್ಟಲು ಬಂತು. ಹಾಲಲ್ಲಿ ನೆನೆದ ಬ್ರೆಡ್ಡನ್ನು ವಸಡಿನಲ್ಲಿ ಒತ್ತಿ ಒತ್ತಿ ನುಂಗಿದ. ಕಣ್ಣಲ್ಲಿ ನೀರು ಬರುವಷ್ಟು ಚೆನ್ನಾಗಿತ್ತು. ಸಕ್ಕರೆ ಒಂಚೂರು ಹಿಂದಿತ್ತು, ಅಷ್ಟೇ. ಹೇಳೋಣವೆಂದು ಬಾಯಿ ತೆರೆದ.

ಎದುರಿಗೆ ಸೆಟ್ಟು ಕೋರೆಹಲ್ಲು ಬಿಟ್ಟುಕೊಂಡು ನೋಡುತ್ತಿತ್ತು.

ಹಲ್ಲಣ್ಣ ಬಾಯಿ ಮುಚ್ಚಿಕೊಂಡ. ಆಸೆಯೊಂದನ್ನು ಅವನು ನಿಜವಾಗಿ ಗೆದ್ದದ್ದು ಅದೇ ಮೊದಲು, ಅದೂ ಒಂದು ಚಮಚ ಸಕ್ಕರೆಯದು. ಏನು ಮಾಡುವುದು, ಮನೆಯ ಹಿರಿಯರು ಊಟಕ್ಕೆ ಕೂತಿದ್ದಾಗ ಮುಂದಿನ ಕೋಣೆಯಲ್ಲಿ ಇಳಿದುಕೊಂಡವನು ಅದು ಕೊಡಿ ಇದು ಕೊಡಿ ಅನ್ನುವುದು ಚೆನ್ನಾಗಿರುತ್ತದೆಯೇ!